ಎಐ ಹಾಕ್ಸಿದ್ರಾ ಸಾರ್ ಅಂತ ಕೇಳೋರಿಗೆ

ತಿಂಗಳಿಗೆ ಒಬ್ರಾದ್ರೂ ಲ್ಯಾಪ್‌ಟಾಪ್ ಹಿಡ್ಕೊಂಡು ನಮ್ಮ ಶೆಡ್ಡಿಗೆ ಬರ್ತಾರೆ, ಎಐ ಹಾಕ್ಸಿ ಸಾರ್ ಅಂತ. ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಹೇಳ್ದಂಗೆ ಲೋಹ ಕೊರೆಯೋವು) ಇಟ್ಕೊಂಡು ಜಾಬ್ ವರ್ಕ್ ಮಾಡೋನು ನಾನು, ಅಂದ್ರೆ ಬೇರೆ ಕಂಪನಿಗಳಿಗೆ ಪಾರ್ಟ್ ಮಾಡ್ಕೊಡೋದು, ಬುಶ್ಶು, ಪಿನ್ನು, ಸ್ಪೇಸರು ಇಂಥವು. ಅವರ ಪಿಪಿಟಿಲಿ ಬರೋ ಫ್ಯಾಕ್ಟರಿ ನೆಲ ನಮ್ಮನೆ ದೇವರಮನೆಗಿಂತ ಕ್ಲೀನಾಗಿರತ್ತೆ, ನಂಗೆ ಡೌಟು ಶುರುವಾಗೋದೇ ಅಲ್ಲಿ.

ಆದ್ರೂ ಹೋದ ವರ್ಷ ಒಂದು ಎಐ ಕ್ಯಾಮೆರಾ ಟ್ರಯಲ್ ತಗೊಂಡ್ವಿ. ಕೆಳಗೆ ಪಾರ್ಟ್ ಇಟ್ರೆ ಗೀರು, ಬರ್ರು (ಅಂಚಲ್ಲಿ ಉಳ್ಕೊಳ್ಳೋ ಚೂಪು ಚೂರು), ಡೆಂಟು ಎಲ್ಲಾ ಹಿಡಿಯತ್ತೆ ಅಂದ್ರು, ಡೆಮೋಲಿ ಹಿಡೀತು ಕೂಡ. ಶೆಡ್ಡಲ್ಲಿ ಏನಾಯ್ತು ಅಂದ್ರೆ, ಮಷಿನ್ನಿಂದ ಆಗ್ತಾನೆ ಇಳ್ಸಿದ ಪಾರ್ಟ್ ಮೇಲೆ ಕೂಲೆಂಟ್ (ಕೊರೆಯುವಾಗ ಬಿಸಿಯಾಗ್ದಂಗೆ ಬಿಡೋ ದ್ರವ) ಪಸೆ ಇರತ್ತಲ್ಲ, ಟ್ಯೂಬ್‌ಲೈಟಿಗೆ ಅದು ಮಿಂಚಿದ್ ತಕ್ಷಣ ಗೀರು ಅಂತ ರಿಜೆಕ್ಟ್! ಒರೆಸಿ ಇಟ್ರೆ ಓಕೆ. ಸರಿ ಅಂತ ಒರೆಸೋಕೆ ಒಬ್ಬ ಹುಡುಗನ್ನ ಕೂರಿಸಿದ್ರೆ, ಅವ್ನು ಒರೆಸ್ತಾ ಒರೆಸ್ತಾ ಬೆರಳಲ್ಲೇ ಸವರಿ ಬರ್ರು ಹಿಡಿಯೋಕೆ ಶುರು ಮಾಡ್ದ. ನಗ್ಬೇಡಿ, ಲೈಟಿಂಗ್ ಸರಿ ಮಾಡಿದ್ಮೇಲೆ ಕ್ಯಾಮೆರಾನೂ ಸುಧಾರಿಸ್ತು.

ಸಿಕ್ಕಾಕ್ಕೊಂಡಿದ್ದು ಬೇರೆ ಕಡೆ. ಕ್ಯಾಮೆರಾಗೆ ಕಲಿಸೋಕೆ ಕೆಟ್ಟ ಪಾರ್ಟ್ ಕೊಡಿ ಸಾರ್, ಒಂದೊಂದು ತರ ಡಿಫೆಕ್ಟಿಗೂ ಬೇಕು ಅಂದ್ರು. ನಮ್ಮತ್ರ ಎಲ್ಲಿದೆ? ಒಳ್ಳೇ ಪೀಸು ಸಾವಿರಗಟ್ಲೆ ಇದೆ, ರಿಜೆಕ್ಟ್ ಆಗಿದ್ದು ಅದೇ ವಾರ ಗುಜರಿಗೆ ಹೋಗತ್ತೆ. ಎಷ್ಟು ಪೀಸಿಗೆ ಇನ್ಸರ್ಟ್, ಅಂದ್ರೆ ಲೋಹ ಕೊರೆಯೋ ಟಿಪ್, ಸವೆಯತ್ತೆ ಅನ್ನೋ ಲೆಕ್ಕ ಇರೋದು ನಮ್ಮ ಹಳೇ ಆಪರೇಟರ್ ಒಬ್ರ ಕಿವೀಲಿ, ಟೀ ಕುಡೀತಾ ಕೂತಲ್ಲಿಂದ್ಲೇ "ಮೂರನೇ ಮಷಿನ್ ಟಿಪ್ ಬದ್ಲಾಯಿಸ್ರೋ" ಅಂತ ಕೂಗ್ತಾರೆ, ಹೋಗಿ ನೋಡಿದ್ರೆ ಸೈಜು ಆಗ್ಲೇ ಸ್ವಲ್ಪ ಜರಗಿರತ್ತೆ. ಅವ್ರು ರಿಟೈರ್ ಆದ್ರೆ ಅದೂ ಹೋಯ್ತು.

ಗೂಗಲ್‌ನೋರು 2016ರಲ್ಲಿ ತಮ್ಮದೇ ಡೀಪ್‌ಮೈಂಡ್ ಕಂಪನಿಯ ಎಐ ಹಾಕಿ ಡೇಟಾ ಸೆಂಟರ್ (ಸಾಲುಸಾಲು ಕಂಪ್ಯೂಟರ್ ಇರೋ ಕಟ್ಟಡ) ತಂಪು ಮಾಡೋ ಕರೆಂಟನ್ನ 40% ವರೆಗೂ ಇಳಿಸಿದ್ರು ಅಂತ ಸೇಲ್ಸ್ ಹುಡುಗ್ರು ಹೇಳ್ತಾರೆ. ನಿಜಾನೇ. ಆದ್ರೆ ಅಲ್ಲಿ ಸಾವಿರಾರು ಸೆನ್ಸರ್ ಇತ್ತು, ಟೆಂಪರೇಚರು, ಪಂಪ್ ಸ್ಪೀಡು ಎಲ್ಲಾ ಮೊದ್ಲಿಂದ್ಲೂ ದಾಖಲಾಗ್ತಾ ಬಂದಿತ್ತು. ನಮ್ಮ ಶೆಡ್ಡಲ್ಲಿ ಇರೋದು ಎಣ್ಣೆ ಮೆತ್ಕೊಂಡಿರೋ ಒಂದು ಲಾಂಗ್ ಬುಕ್ಕು, ಅದ್ರಲ್ಲೂ ನೈಟ್ ಶಿಫ್ಟ್ ಕಾಲಂ ಖಾಲಿ. ಅದಕ್ಕೇ ಈ ಎಐ ಸಣ್ಣ ಇಂಡಸ್ಟ್ರಿಗೆ ಬರಲ್ಲ ಅಂತಲ್ಲ, ಬರತ್ತೆ, ಆದ್ರೆ ಮೊದ್ಲು ಬರ್ದಿಡೋ ಅಭ್ಯಾಸ ಬರ್ಬೇಕು, ಅದನ್ನ ಯಾರೂ ಮಾರಲ್ಲ ಯಾಕಂದ್ರೆ ಅದ್ರಲ್ಲಿ ಕಮಿಷನ್ ಇಲ್ಲ.

ಎಐ ಚಾಟ್‌ಬಾಟಿಂದ ಲಾಭ ಆಗಿಲ್ವಾ ಅಂದ್ರೆ ಆಗಿದೆ. ಹೊರದೇಶದ ಪಾರ್ಟಿಗೆ ಇಂಗ್ಲಿಷಲ್ಲಿ ಮೇಲ್ ಬರೆಯೋಕೆ ನಂಗೆ ಅರ್ಧ ದಿನ ಹಿಡೀತಿತ್ತು, ಈಗ ಹತ್ತು ನಿಮಿಷ. ಡ್ರಾಯಿಂಗ್ ಮೇಲಿನ ಜರ್ಮನ್ ನೋಟ್ಸ್ ಓದಿ ಹೇಳತ್ತೆ, ಕೊಟೇಶನ್ ಬೇಗ ಹೋಗತ್ತೆ. ಒಂದ್ಸಲ ಮಾತ್ರ 0.05 ಟಾಲರೆನ್ಸನ್ನ (ಅಳತೇಲಿ ಎಷ್ಟು ವ್ಯತ್ಯಾಸ ನಡೆಯತ್ತೆ ಅನ್ನೋದು) 0.5 ಅಂತ ಓದಿ ಕೊಡ್ತು, ಅಷ್ಟು ಧೈರ್ಯವಾಗಿ ನಮ್ಮ ಸೂಪರ್‌ವೈಸರ್ ಕೂಡ ಸುಳ್ಳು ಹೇಳಲ್ಲ. ಕಳ್ಸೋ ಮುಂಚೆ ಕಣ್ಣಿಗೆ ಬಿತ್ತು, ಬಚಾವ್.

ಬೀಳದೇ ಇದ್ದಿದ್ರೆ? ಅಜ್ಜಿ ತೀರಿಕೊಂಡಿದ್ದ ಒಬ್ರಿಗೆ ಏರ್ ಕೆನಡಾ ಚಾಟ್‌ಬಾಟು ಟಿಕೆಟ್ ರಿಯಾಯ್ತಿ ಬಗ್ಗೆ ತಪ್ಪು ಹೇಳಿ, ಕೇಸ್ ಆದಾಗ ಕಂಪನಿಯೋರು ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ ಅನ್ನೋ ಹಾಗೆ ವಾದ ಮಾಡಿದ್ರು, 2024ರಲ್ಲಿ ಅಲ್ಲಿನ ಟ್ರಿಬ್ಯೂನಲ್ ಒಪ್ಪಲಿಲ್ಲ, ದುಡ್ಡು ಕಟ್ಟಿ ಅಂತು. ಅಷ್ಟು ದೊಡ್ಡ ಏರ್‌ಲೈನ್ಸಿಗೇ ಹಂಗಾದ್ರೆ, ಲಾಟ್ ವಾಪಸ್ ಬಂದಾಗ ಪಾರ್ಟಿಯೋರು ದುಡ್ಡು ಹಿಡ್ಕೊಂಡು ಕಳ್ಸೋ ಡೆಬಿಟ್ ನೋಟ್ ಮೇಲೆ ಎಐ ಹೆಸ್ರು ಇರತ್ತಾ, ನನ್ ಹೆಸ್ರು ಇರತ್ತಾ?

ಕ್ಯಾಮೆರಾ ವಾಪಸ್ ಕಳ್ಸಿದ್ವಿ, ಮುಂದಿನ ವರ್ಷ ನೋಡೋಣ ಅಂತ. ಈಗ ರಿಜೆಕ್ಟ್ ಪೀಸಿಗೆಲ್ಲ ಮಷಿನ್ ನಂಬರು, ಡೇಟು, ಏನ್ ಡಿಫೆಕ್ಟು ಅಂತ ಚೀಟಿ ಕಟ್ಟಿ ಮೂಲೇಲಿ ಒಂದು ನೀಲಿ ಕ್ರೇಟಲ್ಲಿ ಹಾಕ್ತಿದೀವಿ. ಗುಜರಿಯವ್ನು ಬಂದಾಗೆಲ್ಲ ಅದ್ನೇ ನೋಡ್ತಾನೆ, ಇದ್ಯಾಕ್ ಸಾರ್ ಕೊಡ್ತಿಲ್ಲ, ರೇಟ್ ಜಾಸ್ತಿ ಮಾಡ್ಲಾ ಅಂತಾನೆ.