ಓರೆ ಮೇಜು

ತೀರ್ಥಹಳ್ಳಿಗೆ ವರ್ಗವಾಯಿತು ಅಂದಾಗ ದಾವಣಗೆರೆಯ ಆಫೀಸಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು. ‘ಕೊಡೆ ತಗೊಳ್ರಿ.’ ತಗೊಂಡೆ. ಮೂರು ಮಡಿಕೆಯದ್ದು, ಬ್ಯಾಗಿನ ಮೂಲೆಯಲ್ಲಿ ಕೂರುವಂಥದ್ದು. ದಾವಣಗೆರೆ ಕಡೆ ವರ್ಷಕ್ಕೆ ಬೀಳುವ ಮಳೆ 600–700 ಮಿಲಿಮೀಟರ್. ತೀರ್ಥಹಳ್ಳಿಯಿಂದ 30 ಚಿಲ್ಲರೆ ಕಿಲೋಮೀಟರ್ ಆಚೆಗಿರುವ ಆಗುಂಬೆಯಲ್ಲಿ 7,000ಕ್ಕೂ ಜಾಸ್ತಿ. ಒಂದು ಸೊನ್ನೆ ತಾನೇ ಹೆಚ್ಚು ಅಂದುಕೊಂಡೆ. ಸೊನ್ನೆಗೆ ಬೆಲೆ ಇಲ್ಲ ಅಂತ ಯಾರು ಹೇಳಿದರೋ ಅವರು ಈ ಕಡೆ ಬಂದಿರಲಿಕ್ಕಿಲ್ಲ.

ಹಾಜರಾಗಬೇಕಿದ್ದದ್ದು ಜೂನ್ ಕೊನೆಯ ಒಂದು ಶುಕ್ರವಾರ. ಮನೆ ಸಿಗುವವರೆಗೆ ಶಿವಮೊಗ್ಗದ ಅಕ್ಕನ ಮನೆಯಿಂದ ಓಡಾಟ. ‘ಶುಕ್ರವಾರ ರಾಹುಕಾಲ ಹತ್ತೂವರೆಗೆ ಶುರು ಆಗುತ್ತೆ, ಅಷ್ಟರೊಳಗೆ ಸೈನ್ ಹಾಕಿಬಿಡು’ ಅಂತ ಅಕ್ಕ ಬಾಗಿಲಿಗೆ ಬಂದು ಹೇಳಿದಳು. ಸರ್ಕಾರಿ ಕಚೇರಿ ತೆರೆಯುವುದೇ ಹತ್ತಕ್ಕೆ. ಅಂದರೆ ನನ್ನ ಪಾಲಿಗೆ ಅರ್ಧ ಗಂಟೆ. ಗಾಜನೂರು ದಾಟಿತು, ಸಕ್ರೆಬೈಲು ದಾಟಿತು. ಮಂಡಗದ್ದೆಯಲ್ಲಿ ಹಕ್ಕಿ ನೋಡೋಣ ಅಂದರೆ ಕಿಟಕಿ ಗಾಜಿನ ತುಂಬ ಆವಿ. ತೀರ್ಥಹಳ್ಳಿಯಲ್ಲಿ ಇಳಿದು ಕೊಡೆ ಬಿಚ್ಚಿದೆ. ಗಾಳಿ ಅದನ್ನು ತಿರುಗಿಸಿ ಬಟ್ಟಲು ಮಾಡಿ ಕೈಗೆ ಕೊಟ್ಟಿತು. ಹತ್ತೂ ಇಪ್ಪತ್ತಕ್ಕೆ ನೆನೆದ ಬೆಕ್ಕಿನ ಹಾಗೆ ಕಚೇರಿ ಮೆಟ್ಟಿಲು ಹತ್ತಿದೆ.

ಯಾವ ಇಲಾಖೆ ಅಂತ ಕೇಳಬೇಡಿ, ಇನ್ನೂ ಸರ್ವಿಸ್ ಇದೆ.

ಜಗಲಿಯಲ್ಲಿ ಸಾಲಾಗಿ ಕೊಡೆಗಳು. ಎಲ್ಲ ಕರಿ, ಎಲ್ಲ ಉದ್ದ, ಎಲ್ಲಕ್ಕೂ ಮರದ ಹಿಡಿ. ಗುರುತಿಗೆ ಅಂತ ಒಬ್ಬರು ಹಿಡಿಗೆ ಕೆಂಪು ದಾರ ಸುತ್ತಿದ್ದರು, ಇನ್ನೊಬ್ಬರು ಬಿಳಿ ಪೇಂಟಿನ ಬೊಟ್ಟು ಇಟ್ಟಿದ್ದರು. ನನ್ನದನ್ನು ಅವುಗಳ ಪಕ್ಕ ಒರಗಿಸಿದರೆ ನಿಲ್ಲಲಿಲ್ಲ. ಡಿ ದರ್ಜೆಯ ಅಕ್ಕ ಅದನ್ನು ಎತ್ತಿಕೊಂಡು ಒಂದು ಸಲ ತಿರುಗಿಸಿ ನೋಡಿದರು. ‘ಇದು ಬಿಸಿಲಿಗೆ ಹಿಡಿಯೋದು ಅಲ್ವಾ ಸಾರ್?’

‘ಈ ದಿನ ಪೂರ್ವಾಹ್ನ ಕರ್ತವ್ಯಕ್ಕೆ ವರದಿ ಮಾಡಿಕೊಂಡಿರುತ್ತೇನೆ’ ಅಂತ ಇಂಕ್ ಪೆನ್ನಿನಲ್ಲಿ ಬರೆದು ಸಹಿ ಹಾಕುವಾಗ ಗಡಿಯಾರ ನೋಡಿದೆ. 10.28. ಅಕ್ಕನಿಗೆ ಸಮಾಧಾನವಾಗಲಿ ಅಂತ ಫೋನ್ ಮಾಡಿದೆ. ಆ ಕಚೇರಿಯ ಗಡಿಯಾರ ಹತ್ತು ನಿಮಿಷ ಹಿಂದೆ ಓಡುತ್ತದೆ ಅಂತ ಗೊತ್ತಾಗಿದ್ದು ಸೋಮವಾರ. ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಹಿಂದಿನವರು ಆಗಲೇ ಬೇರೆ ಊರಿಗೆ ಹೋಗಿದ್ದರಿಂದ ಚಾರ್ಜ್ ಕೊಟ್ಟವರು ಪ್ರಥಮ ದರ್ಜೆ ಸಹಾಯಕರು, ಅಂದರೆ ಎಫ್‌ಡಿಎ. ಪಟ್ಟಿ ಒಂದೇ ಹಾಳೆ. ಮೇಜು 1, ಕುರ್ಚಿ 1, ಬೀರು 1, ಬೀಗದ ಕೈ 2, ಆಮೇಲೆ ಕಡತಗಳು. ಎಲ್ಲಕ್ಕೂ ಟಿಕ್ ಹಾಕಿಕೊಂಡೆ. ಕುರ್ಚಿಯಲ್ಲಿ ಕೂತೆ. ಬೇರೆಯವರ ಕುರ್ಚಿಯಲ್ಲಿ ಕೂತರೆ ತಕ್ಷಣ ಗೊತ್ತಾಗುತ್ತದೆ, ಕುಶನ್ನಿನ ತಗ್ಗು ನಮ್ಮದಲ್ಲ. ಹಳೇ ಸಾರ್ ನನಗಿಂತ ಅಗಲ, ಮತ್ತೆ ಸ್ವಲ್ಪ ಎಡಕ್ಕೆ ವಾಲಿ ಕೂರುತ್ತಿದ್ದರು. ಮುಖ ನೋಡದ ಮನುಷ್ಯನ ಬಗ್ಗೆ ಇಷ್ಟು ತಿಳಿದುಕೊಂಡದ್ದಕ್ಕೆ ನನಗೇ ಸಂಕೋಚವಾಯಿತು.

ಆದರೆ ಕಣ್ಣಿಗೆ ಚುಚ್ಚಿದ್ದು ಮೇಜು. ಕೋಣೆ ಚೌಕ, ಉಳಿದ ಮೇಜುಗಳೆಲ್ಲ ಗೋಡೆಗೆ ನೇರ. ಇದೊಂದು ಮಾತ್ರ ಓರೆ. ಬಾಗಿಲಿಗೆ ಅರ್ಧ ಬೆನ್ನು, ಕಿಟಕಿಗೆ ಅರ್ಧ ಮುಖ, ಮುನಿಸಿಕೊಂಡ ಅತ್ತೆಯ ಹಾಗೆ. ವಾಸ್ತು ನೋಡಿ ಇಟ್ಟಿರಬೇಕು ಅಂದುಕೊಂಡೆ. ನಾನೋ, ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಬಾಳೆಎಲೆ ನೇರ ಮಾಡಿಕೊಳ್ಳುವವನು. ಎದ್ದು ಎರಡು ಕೈಯಲ್ಲಿ ಹಿಡಿದು ತಳ್ಳಿದೆ. ಮೇಜು ಕಿರ್ ಅಂತ ಕೂಗಿತು. ಕೋಣೆಯಲ್ಲಿದ್ದ ನಾಲ್ಕೂ ತಲೆ ಒಟ್ಟಿಗೆ ಎದ್ದವು. ಡಿ ದರ್ಜೆಯ ಅಕ್ಕ ‘ಸಾರ್, ಅದು...’ ಅಂದರು. ಎಫ್‌ಡಿಎ ಕಡತದಿಂದ ಕಣ್ಣು ತೆಗೆಯದೆ, ‘ಇರ್ಲಿ ಬಿಡಿ ಮಾರಾಯ್ರೆ, ಸಾರ್ ಇಷ್ಟ’ ಅಂದರು. ನಾಲ್ಕೂ ತಲೆ ಮತ್ತೆ ಇಳಿದವು.

ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದರು. ಯಾರದೋ ಅಪ್ಪೆಮಿಡಿ, ಯಾರದೋ ಕಳಲೆ ಪಲ್ಯ ನನ್ನ ತಟ್ಟೆಗೆ ಬಂತು. ಯಾವ ಊರು, ಮಕ್ಕಳೆಷ್ಟು ಎಲ್ಲ ಆಯಿತು. ಆಮೇಲೆ ಬಂತು ನಿಜವಾದ ಪ್ರಶ್ನೆ.

‘ತೋಟ ಎಷ್ಟಿದೆ ಸಾರ್?’

‘ತೋಟ ಇಲ್ಲ. ಎರಡೆಕರೆ ಮೆಕ್ಕೆಜೋಳ ಹಾಕ್ತೀವಿ.’

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಸಾವಿನ ಸುದ್ದಿ ಕೇಳಿದವರ ಹಾಗೆ ಒಬ್ಬರು ‘ಹೌದಾ’ ಅಂದು ಇನ್ನೊಂದು ಅಪ್ಪೆಮಿಡಿ ಬಡಿಸಿದರು. ಆಮೇಲೆ ಮಾತು ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ರೇಟಿನ ಕಡೆ ಹರಿಯಿತು. ಮಳೆ ಒಂದು ದಿನ ಹೊಳವಾದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು, ಆಳು ಸಿಗುತ್ತಿಲ್ಲ ಅನ್ನುವಲ್ಲಿಗೆ ಹೋಗಿ ನಿಂತಿತು. ನನಗೆ ಅರ್ಥವಾಗಿದ್ದು ಉಪ್ಪಿನಕಾಯಿ ಮಾತ್ರ. (ರಕ್ತ ಹೀರುವ ಇಂಬಳದ ಕಥೆಯನ್ನು ಮಲೆನಾಡಿಗೆ ಬಂದವರೆಲ್ಲ ಹೇಳುತ್ತಾರೆ. ನಾನು ಹೇಳುವುದಿಲ್ಲ. ಎಡಗಾಲಿಗೆ ಎರಡು, ಅಷ್ಟೇ.)

ಊಟ ಮುಗಿಸಿ ಒಂದು ಪತ್ರ ಕಳಿಸೋಣ ಅಂತ ಡ್ರಾಯರ್ ಎಳೆದರೆ ಬರಲಿಲ್ಲ, ಮರ ಉಬ್ಬಿತ್ತು. ಜಗ್ಗಿ ತೆಗೆದೆ. ಒಳಗಿದ್ದ ಲಕೋಟೆಗಳು ತಾವೇ ಅಂಟಿಕೊಂಡು ಕೂತಿದ್ದವು. ಈ ಊರಲ್ಲಿ ಲಕೋಟೆಗೆ ನೀರು ಹಚ್ಚುವ ಕೆಲಸ ಇಲ್ಲ, ಬಿಡಿಸುವುದೇ ಕೆಲಸ. ಕಾಗದ ಮಡಿಚಿದರೆ ಸಪ್ಪಳವೇ ಇಲ್ಲ, ನೆನೆಹಾಕಿದ ಹಪ್ಪಳದ ಹಾಗೆ.

ಮೂರೂ ಹತ್ತರ ಸುಮಾರಿಗೆ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಅಂತು. ಅಲ್ಲಿಯವರೆಗೆ ನೇರಕ್ಕೆ ಬೀಳುತ್ತಿದ್ದ ಮಳೆಗೆ ಪಡುವಣ ಗಾಳಿ ಸೇರಿತು. ನಾನು ಬೆಳಗಿನ ವರದಿಯ ನನ್ನ ಪ್ರತಿಯನ್ನು ಮುಂದಿಟ್ಟುಕೊಂಡಿದ್ದೆ. ಟಪ್. ‘ಪೂರ್ವಾಹ್ನ’ದ ಮೇಲೆ ಒಂದು ಹನಿ. ಶಾಯಿ ಕಾಲು ಬಿಟ್ಟುಕೊಂಡು ನೀಲಿ ಜೇಡವಾಯಿತು. ನೋಡುತ್ತಿದ್ದ ಹಾಗೇ ಇನ್ನೊಂದು ಬಿತ್ತು, ಈ ಸಲ ಸಹಿಯ ಮೇಲೆ. ತಲೆ ಎತ್ತಿದೆ. ಮೂರನೆಯದು ಕನ್ನಡಕಕ್ಕೆ.

ಡಿ ದರ್ಜೆಯ ಅಕ್ಕ ಆಗಲೇ ಬಕೆಟ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ಎಫ್‌ಡಿಎ ಬಂದು ಮೇಜಿನ ಇನ್ನೊಂದು ತುದಿ ಹಿಡಿದರು. ಇಬ್ಬರೂ ಎತ್ತಿ ತಿರುಗಿಸಿದೆವು. ಮೇಜಿನ ನಾಲ್ಕೂ ಕಾಲು ನೆಲದ ಹಳೇ ನಾಲ್ಕು ಗುರುತಿನ ಮೇಲೇ ಹೋಗಿ ಕೂತವು. ಬಿಟ್ಟ ಜಾಗಕ್ಕೆ ಬಕೆಟ್. ಹನಿ ನಡುಮಧ್ಯಕ್ಕೇ ಬಿತ್ತು.

‘ಮೊದಲೇ ಹೇಳಬಾರದಿತ್ತಾ?’ ಅಂದೆ.

‘ಹೊಸಬರು, ಎಂತ ಹೇಳೋದು’ ಅಂದರು ಎಫ್‌ಡಿಎ. ಆಮೇಲೆ ಖುಷಿಯಿಂದ ವಿವರಿಸಿದರು. ಮಂಗಗಳು ಓಡಾಡಿ ಹಂಚು ಸರಿದಿದೆ. ನೇರ ಮಳೆ ಏನೂ ಮಾಡುವುದಿಲ್ಲ, ಗಾಳಿ ಮಳೆ ಹಂಚಿನ ಸಂದಿಯಲ್ಲಿ ನುಗ್ಗುತ್ತದೆ. ಹಾಗೆ ಬಂದ ನೀರು ಅಲ್ಲೇ ಬೀಳುವುದಿಲ್ಲ. ರೀಪಿನ ಮೇಲೆ ಹರಿದುಕೊಂಡು ಬಂದು ಎರಡು ಮಾರು ಆಚೆ, ಸರಿಯಾಗಿ ಇಲ್ಲಿ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕಿತ್ತು, ಬಿಲ್ ಪಾಸಾಗಲಿಲ್ಲ. ಈಗ ಹತ್ತಿದರೆ ಪಾಚಿ, ಜಾರಿ ಬೀಳುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಂತೆ. ಅವತ್ತಿನಿಂದ ಹಂಚು ಮಳೆಯನ್ನು ತಡೆಯುತ್ತಿದೆ. ಮಂಗನನ್ನು ತಡೆಯುವ ಹಂಚು ಇನ್ನೂ ಬಂದಿಲ್ಲ.

ಮೇಜಿನ ಗಾಜು ಒರೆಸುವಾಗ ಅದರಡಿ ಒಂದು ಚೀಟಿ ಕಂಡಿತು. ಹಳೇ ಸಾರ್ ಅಕ್ಷರ, ದುಂಡಗೆ. ‘ಶಿವಮೊಗ್ಗ: 5.40 ನಿಲ್ಲಬೇಕು. 5.55 ಸೀಟು ಸಿಗುತ್ತೆ. ಎಡಗಡೆ ಮೂರನೇ ಕಿಟಕಿ ಬೇಡ, ಸೋರುತ್ತೆ.’ ಚಾರ್ಜ್ ಪಟ್ಟಿ ತೆಗೆದು ನೋಡಿದೆ. ಅದರಲ್ಲಿ ಈ ಚೀಟಿ ಇರಲಿಲ್ಲ. ಬಕೆಟ್ಟೂ ಇರಲಿಲ್ಲ.

5.55ರ ಬಸ್ ಹತ್ತಿದೆ. ಎಲ್ಲ ಕಡೆ ಜನ, ಎಡಗಡೆ ಮೂರನೇ ಕಿಟಕಿಯ ಸೀಟು ಮಾತ್ರ ಖಾಲಿ. ನಾನು ಬಲಗಡೆ ಒಬ್ಬರನ್ನು ಸ್ವಲ್ಪ ಸರಿಯಿರಿ ಅಂತ ಕೇಳಿ ಅಂಚಿನಲ್ಲಿ ಕೂತೆ. ಹಿಂದೆಯೇ ಒಬ್ಬ ಹುಡುಗ ಹತ್ತಿದ. ಇಸ್ತ್ರಿ ಅಂಗಿ, ಹೊಸ ಬ್ಯಾಗು, ಕೈಯಲ್ಲಿ ಮೂರು ಮಡಿಕೆಯ ಕೊಡೆ. ಖಾಲಿ ಕಿಟಕಿ ಕಂಡು ಅವನ ಮುಖ ಅರಳಿತು. ಹೇಳೋಣ ಅಂತ ಬಾಯಿ ತೆರೆದೆ. ಬಸ್ಸಿನ ತುಂಬ ಎಲ್ಲರೂ ಸುಮ್ಮನೆ ಅವನನ್ನೇ ನೋಡುತ್ತಿದ್ದರು.

ಮಂಡಗದ್ದೆ ಬರಲಿ, ನೋಡೋಣ ಅಂತ ನಾನೂ ಸುಮ್ಮನಾದೆ.