ನಗಿಸುತ್ತಿದ್ದವನು ಇತಿಹಾಸ ಬರೆದಾಗ

ನಗಿಸುವುದನ್ನೇ ಕಸುಬು ಮಾಡಿಕೊಂಡಿದ್ದವನೊಬ್ಬ ಇತಿಹಾಸದ ದಪ್ಪ ಪುಸ್ತಕ ಬರೆದನೆಂದರೆ ಓದುಗರಲ್ಲಿ ಮೊದಲು ಏಳುವುದು ಅನುಮಾನ. ಹೆಸರಿದೆ ಎಂಬ ಕಾರಣಕ್ಕೆ ಪ್ರಕಾಶಕರು ಬರೆಸಿರಬೇಕು ಎಂದು ಕೆಲವರು, ಇತಿಹಾಸದ ನೆಪದಲ್ಲಿ ಚಟಾಕಿ ಹಾರಿಸಿರಬೇಕು ಎಂದು ಇನ್ನು ಕೆಲವರು ಅಂದುಕೊಳ್ಳುತ್ತಾರೆ. ಆಸ್ಟ್ರೇಲಿಯಾದ ರಿಚರ್ಡ್ ಫಿಡ್ಲರ್ ಅವರ ಪುಸ್ತಕಗಳ ಮುಂದೆ ಈ ಎರಡು ಅನುಮಾನಗಳೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರನ್ನು ಪರಿಚಯಿಸುವವರು ಸಾಮಾನ್ಯವಾಗಿ ಮೊದಲು ಹಾಸ್ಯತಂಡ, ಆಮೇಲೆ ರೇಡಿಯೊ, ಕೊನೆಗೆ ಗ್ರಂಥರಚನೆ ಎಂದು ಆ ಬದುಕನ್ನು ತುಂಡು ಮಾಡಿ ಹೇಳುತ್ತಾರೆ. ನನಗಾದರೋ ಇದೆಲ್ಲ ಒಂದೇ ಕಸುಬು ಬೇರೆಬೇರೆ ಅಂಗಡಿಗಳಲ್ಲಿ ನಡೆದಂತೆ ಕಾಣುತ್ತದೆ. ಆ ಕಸುಬಿನ ಅಕ್ಷರಾಭ್ಯಾಸ ಆದದ್ದು ಬೀದಿಯಲ್ಲಿ.

1980ರ ದಶಕದ ನಡುವೆ, ಸರ್ಕಾರಿ ನೌಕರರ ಊರೆಂದೇ ಹೆಸರಾದ ಕ್ಯಾನ್‌ಬೆರಾದ ರಸ್ತೆಗಳಲ್ಲಿ ಹಾಡುತ್ತ, ದಾರಿಹೋಕರನ್ನು ಕೆಣಕುತ್ತ ಕಾಸು ಸಂಪಾದಿಸುತ್ತಿದ್ದ ಮೂವರು ಹುಡುಗರ ತಂಡವೊಂದಿತ್ತು. ಪಾಲ್ ಮೆಕ್‌ಡರ್ಮಟ್, ಟಿಮ್ ಫರ್ಗುಸನ್ ಮತ್ತು ಗಿಟಾರ್ ಹಿಡಿದ ಫಿಡ್ಲರ್. ದೇಶದ ಉಪಪ್ರಧಾನಿಯಾಗಿದ್ದ, ರೈತಾಪಿ ಜನರ ಪಕ್ಷದ ನಾಯಕ ಡಗ್ ಆಂಥೊನಿಯವರ ಹೆಸರನ್ನೇ ಎತ್ತಿಕೊಂಡು ತಂಡಕ್ಕೆ ‘ಡಗ್ ಆಂಥೊನಿ ಆಲ್ ಸ್ಟಾರ್ಸ್’ ಎಂದು ಹೆಸರಿಟ್ಟುಕೊಂಡಿದ್ದರು. ಬೀದಿಯ ಪ್ರೇಕ್ಷಕ ಎಷ್ಟು ನಿಷ್ಠುರ ಎಂಬುದು ನಮ್ಮ ಸಂತೆಗಳಲ್ಲಿ ದೊಂಬರಾಟ ಕಂಡವರಿಗೆಲ್ಲ ಗೊತ್ತು. ಟಿಕೆಟ್ ಕೊಂಡವನು ಕೊಟ್ಟ ದುಡ್ಡಿನ ಆಸೆಗಾದರೂ ಕೊನೆಯವರೆಗೆ ಕೂರುತ್ತಾನೆ. ಬೀದಿಯಲ್ಲಿ ನಿಂತವನ ಕಾಲು ಯಾವ ಗಳಿಗೆಯಲ್ಲಾದರೂ ಬಸ್‌ ಸ್ಟ್ಯಾಂಡಿನ ಕಡೆಗೆ ತಿರುಗಬಹುದು. ಅವನನ್ನು ಇನ್ನೊಂದು ನಿಮಿಷ ನಿಲ್ಲಿಸಲು ಏನು ಮಾಡಬೇಕು, ಮುಂದಿನ ಸಂಗತಿಯನ್ನು ಎಲ್ಲಿ ಬಚ್ಚಿಡಬೇಕು, ಯಾವಾಗ ತೆಗೆದು ತೋರಿಸಬೇಕು ಎಂಬ ಲೆಕ್ಕ ಯಾವ ವಿಶ್ವವಿದ್ಯಾಲಯದ ಪಠ್ಯದಲ್ಲೂ ಇರುವುದಿಲ್ಲ.

ಆ ಮೂವರ ನಡುವಿನ ಹಂಚಿಕೆಯೂ ಗಮನಿಸುವಂಥದು. ಮೆಕ್‌ಡರ್ಮಟ್ ಕಚ್ಚುವ ನಾಲಗೆಯವರು, ಫರ್ಗುಸನ್ ಎತ್ತರದ ಚೆಲುವ, ಫಿಡ್ಲರ್ ಸಾಧುಮುಖದ ಹುಡುಗ. ಮಿಕ್ಕಿಬ್ಬರ ಬೈಗುಳ, ಲೇವಡಿಗಳೆಲ್ಲ ಬಂದು ಬೀಳುತ್ತಿದ್ದುದು ಅವರ ತಲೆಯ ಮೇಲೆಯೇ. ಹಾಸ್ಯದಲ್ಲಿ ಏಟು ತಿನ್ನುವವನ ಕೆಲಸ ಏಟು ಕೊಡುವವನಷ್ಟೇ ಕಷ್ಟದ್ದು, ಏಕೆಂದರೆ ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದು ತನಗೆ ತಾಗಿತೆಂಬುದನ್ನು ಮುಖದಲ್ಲಿ ತೋರಿಸದಿದ್ದರೆ ಜನ ನಗುವುದಿಲ್ಲ. ತಂಡ 1987ರಲ್ಲಿ ಎಡಿನ್‌ಬರೊದ ಫ್ರಿಂಜ್ ಉತ್ಸವಕ್ಕೆ ಹೋಗಿ ಬ್ರಿಟನ್ನಿನಲ್ಲಿ ಹೆಸರು ಮಾಡಿತು. 1989ರಿಂದ ಸ್ವದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ‘ದ ಬಿಗ್ ಗಿಗ್’ ಕಾರ್ಯಕ್ರಮದ ಮೂಲಕ ಆಸ್ಟ್ರೇಲಿಯಾದ ಮನೆಮನೆಗೂ ತಲುಪಿತು. 1991ರಲ್ಲಿ ಶುರುವಾದ ಅವರದೇ ಧಾರಾವಾಹಿ ‘ಡಾಸ್ ಕಾಪಿಟಲ್’ ನಡೆಯುವುದು ಜಗತ್ತಿನ ಕಲಾಕೃತಿಗಳನ್ನೆಲ್ಲ ತುಂಬಿಕೊಂಡ ಒಂದು ಜಲಾಂತರ್ಗಾಮಿಯೊಳಗೆ, ಮತ್ತು ಆ ಸಂಪತ್ತಿನ ಕಾವಲಿಗೆ ಇರುವವರು ಈ ಮೂವರು ತುಂಟರು. ಮುಂದೆ ಇವರಲ್ಲೊಬ್ಬ ಅಳಿದ ಸಾಮ್ರಾಜ್ಯಗಳ ಕತೆ ಬರೆಯುತ್ತಾನೆಂದು ಆಗ ಯಾರೂ ಊಹಿಸಿರಲಾರರು. 1994ರಲ್ಲಿ ತಂಡ ಚದುರಿತು. ಫರ್ಗುಸನ್ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆ ಇದ್ದ ಸಂಗತಿ ಹೊರಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅನಂತರದ ಕೆಲವು ವರ್ಷ ಫಿಡ್ಲರ್ ಟಿವಿ ನಿರೂಪಕರಾಗಿದ್ದರು. ಯುವಜನರು ಕ್ಯಾಮೆರಾ ಹಿಡಿದು ಜಗತ್ತು ಸುತ್ತುತ್ತ ಕಿರುಚಿತ್ರಗಳನ್ನು ಕಳಿಸುವ ‘ರೇಸ್ ಅರೌಂಡ್ ದ ವರ್ಲ್ಡ್’ ಅವುಗಳಲ್ಲಿ ಹೆಸರಾದದ್ದು. ಆದರೆ ಅವರ ಬದುಕು ನಿಜವಾಗಿ ಹೊರಳಿದ್ದು 2005ರಲ್ಲಿ ಎಬಿಸಿ ರೇಡಿಯೊದಲ್ಲಿ ‘ಕನ್ವರ್ಸೇಷನ್ಸ್’ ಆರಂಭವಾದಾಗ. ಒಬ್ಬರೇ ಅತಿಥಿ, ಹೆಚ್ಚುಕಡಿಮೆ ಒಂದು ಗಂಟೆಯ ಮಾತು. ಅತಿಥಿ ಪ್ರಸಿದ್ಧರೇ ಆಗಬೇಕೆಂಬ ನಿಯಮವಿಲ್ಲ. ವಿಜ್ಞಾನಿ, ಕೈದಿಯಾಗಿದ್ದವರು, ಶಸ್ತ್ರವೈದ್ಯರು, ಹೆಸರೇ ಕೇಳಿರದ ಊರಿನ ಗೃಹಿಣಿ, ಯಾರೂ ಇರಬಹುದು. 2018ರಿಂದ ಸಾರಾ ಕನೋವ್‌ಸ್ಕಿ ಜೊತೆ ನಿರೂಪಕಿಯಾಗಿದ್ದಾರೆ. ಪಾಡ್‌ಕಾಸ್ಟ್ ಆದ ಮೇಲೆ ಕಾರ್ಯಕ್ರಮಕ್ಕೆ ಕೇಳುಗರು ಇನ್ನೂ ಹೆಚ್ಚಿದರು. ನಮ್ಮ ಎಷ್ಟೋ ಸಂದರ್ಶನಗಳಲ್ಲಿ ಕೇಳುವವರ ಪ್ರಶ್ನೆಯೇ ಅತಿಥಿಯ ಉತ್ತರಕ್ಕಿಂತ ಉದ್ದವಿರುತ್ತದೆ. ಫಿಡ್ಲರ್ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಚಿಕ್ಕವು: ಆಗ ನಿಮ್ಮ ತಾಯಿ ಏನೆಂದರು, ಬಾಗಿಲು ತೆಗೆದಾಗ ಒಳಗೆ ಏನಿತ್ತು, ಎಂಬ ಧಾಟಿಯವು. ಉತ್ತರ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಮೊದಲೇ ಅಂದಾಜಿರುತ್ತದೆ, ಆದರೂ ತಾವೇ ಮುಂದೆ ಬಿದ್ದು ಅದನ್ನು ಹೇಳಿಬಿಡುವುದಿಲ್ಲ. ವೇದಿಕೆಯ ಮೇಲೆ ಏಟು ತಿನ್ನುತ್ತಿದ್ದ ಹುಡುಗನ ಕಿವಿಯೇ ಇಲ್ಲಿ ಕೆಲಸಕ್ಕೆ ಬಂದಿದೆ ಎಂದು ನಾನು ನಂಬಿದ್ದೇನೆ.

ಮೊದಲ ಇತಿಹಾಸಗ್ರಂಥ ‘ಘೋಸ್ಟ್ ಎಂಪೈರ್’ ಬಂದದ್ದು 2016ರಲ್ಲಿ. ಹದಿಹರೆಯದ ಮಗನನ್ನು ಕರೆದುಕೊಂಡು ತಂದೆ ಇಸ್ತಾಂಬುಲ್‌ಗೆ ಹೋಗುತ್ತಾನೆ; ಆ ಪ್ರವಾಸದ ಎಳೆಗೆ, ಅದೇ ಊರು ಹಿಂದೆ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾಗಿದ್ದಾಗಿನ ಕಾನ್‌ಸ್ಟಾಂಟಿನೋಪಲ್ ನಗರದ ಸಾವಿರ ವರ್ಷಕ್ಕೂ ಮೀರಿದ ಕತೆಯನ್ನು ಪೋಣಿಸಲಾಗಿದೆ. ತಂದೆ ಮಗನಿಗೆ ಹೇಳುವ ಕತೆ ಎಂಬ ಚೌಕಟ್ಟು ಹಳೆಯದೇ, ಆದರೆ ಅದರಿಂದ ಒಂದು ಶಿಸ್ತು ಬರುತ್ತದೆ. ಹುಡುಗನಿಗೆ ಬೇಸರವಾದರೆ ಓದುಗನಿಗೂ ಆಗುತ್ತದೆ. ಜಸ್ಟೀನಿಯನ್ ಚಕ್ರವರ್ತಿಯ ರಾಣಿ ಥಿಯೊಡೋರಾಳನ್ನೇ ನೋಡಿ. ಕರಡಿ ಸಾಕುವವನ ಮಗಳು, ರಂಗದ ಮೇಲೆ ಹಾಸ್ಯಪಾತ್ರ ಮಾಡಿ ಜನರನ್ನು ನಗಿಸುತ್ತಿದ್ದವಳು, ಕೊನೆಗೆ ರೋಮನ್ ಸಿಂಹಾಸನದ ಪಕ್ಕದಲ್ಲಿ ಕೂತವಳು. 532ರ ನೀಕಾ ದಂಗೆಯಲ್ಲಿ ರಥದ ಓಟದ ಅಭಿಮಾನಿಗಳೆಲ್ಲ ಒಂದಾಗಿ ನಗರಕ್ಕೆ ಬೆಂಕಿಯಿಟ್ಟು, ಗಂಡ ಹಡಗು ಹತ್ತಿ ಓಡಿಹೋಗುವ ಯೋಚನೆಯಲ್ಲಿದ್ದಾಗ, ರಾಜವಸ್ತ್ರವೇ ತನಗೆ ಹೆಣದ ಬಟ್ಟೆಯಾದರೂ ಚಿಂತೆಯಿಲ್ಲ, ತಾನು ಕದಲುವುದಿಲ್ಲ ಎಂದು ಅವಳು ಹೇಳಿದಳಂತೆ. ಇದನ್ನು ದಾಖಲಿಸಿದ ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ತನ್ನ ಇನ್ನೊಂದು ಗುಟ್ಟಿನ ಬರಹದಲ್ಲಿ ಅದೇ ರಾಣಿಯ ಮೇಲೆ ಕೆಸರನ್ನೂ ಎರಚಿದ್ದಾನೆ. ಹೊಗಳಿದ ಕೈಯೇ ತೆಗಳಿದಾಗ ಕತೆ ಹೇಳುವವನಿಗೆ ಅದು ಸುಗ್ಗಿ. ಚಾಡಿಯನ್ನು ಚಾಡಿಯೆಂದೇ ಇಟ್ಟು, ರಸವನ್ನೂ ಬಿಡದೆ ಹೇಳುವ ಜಾಣ್ಮೆ ಇದ್ದವರಿಗಷ್ಟೇ ಈ ಕಾಲಘಟ್ಟ ಒಗ್ಗುತ್ತದೆ. ಪುಸ್ತಕದ ಕೊನೆಗೆ, ಆ ನಗರ ತುರ್ಕರ ವಶವಾದ 1453 ಬರುತ್ತದೆ. ಬಂದರಿನ ಬಾಯಿಗೆ ಅಡ್ಡಲಾಗಿ ಸರಪಳಿ ಬಿಗಿದಿರುವುದನ್ನು ಕಂಡ 21ರ ತರುಣ ಸುಲ್ತಾನ ಮೆಹ್ಮದ್, ಕೊಬ್ಬು ಸವರಿದ ಮರದ ದಿಮ್ಮಿಗಳ ಮೇಲೆ ಹಡಗುಗಳನ್ನು ಗುಡ್ಡ ಹತ್ತಿಸಿ ಆಚೆ ಬದಿಯ ನೀರಿಗೆ ಇಳಿಸುತ್ತಾನೆ. ಪಠ್ಯಪುಸ್ತಕದಲ್ಲಿ ಬರಿಯ ಇಸವಿಯಾಗಿ ಉಳಿದಿದ್ದ ಸಂಗತಿ ಹೀಗೆ ಕಣ್ಣಿಗೆ ಕಟ್ಟುತ್ತದೆ.

2017ರ ‘ಸಾಗಾ ಲ್ಯಾಂಡ್’ ಅನ್ನು ಅವರು ಐಸ್‌ಲ್ಯಾಂಡ್ ಮೂಲದ ಲೇಖಕ ಕಾರಿ ಗಿಸ್ಲಾಸನ್ ಜೊತೆ ಸೇರಿ ಬರೆದರು. ಐಸ್‌ಲ್ಯಾಂಡಿನ ಹಳೆಯ ವೀರಗಾಥೆಗಳ ಮಧ್ಯೆ, ತನ್ನ ಹುಟ್ಟನ್ನು ಗುಟ್ಟಾಗಿಟ್ಟಿದ್ದ ತಂದೆಯ ಕಡೆಯ ವಂಶವನ್ನು ಗಿಸ್ಲಾಸನ್ ಹುಡುಕುವ ಕತೆಯಿದೆ. ಅದರ ಭಾವದ ಭಾರವೆಲ್ಲ ಗಿಸ್ಲಾಸನ್ ಅವರದೇ. ಫಿಡ್ಲರ್ ಇಲ್ಲಿ ಮತ್ತೆ ರೇಡಿಯೊದವರಂತೆ ಪಕ್ಕಕ್ಕೆ ಸರಿದು ನಿಂತಿದ್ದಾರೆ, ಮತ್ತು ಅದು ಪುಸ್ತಕಕ್ಕೆ ಒಳ್ಳೆಯದೇ ಆಗಿದೆ.

ಆಗಿನ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್ ನಗರದ ಕುರಿತ ‘ದ ಗೋಲ್ಡನ್ ಮೇಜ್’ ಹಿಂದೆ ಹಾಸ್ಯತಂಡದ ದಿನಗಳ ನೆನಪೇ ಇದೆ. 1989ರಲ್ಲಿ ತಂಡದೊಂದಿಗೆ ಲಂಡನ್ನಿನಲ್ಲಿದ್ದ ಫಿಡ್ಲರ್, ಬರ್ಲಿನ್ ಗೋಡೆ ಬಿದ್ದ ಆ ಚಳಿಗಾಲದಲ್ಲಿ ಪ್ರಾಗ್‌ಗೂ ಹೋಗಿ ಬಂದರು. ಆ ವರ್ಷದ ಕೊನೆಗೆ ಅಲ್ಲಿ ರಾಷ್ಟ್ರಪತಿಯಾದವರು, ಅಸಂಗತ ನಾಟಕಗಳನ್ನು ಬರೆದು ಜೈಲು ಕಂಡಿದ್ದ ವಾತ್ಸ್ಲಾವ್ ಹಾವೆಲ್. ಪ್ರಾಗ್‌ನ ಇತಿಹಾಸದಲ್ಲಿ ನಗೆಯನ್ನೂ ಹೆಣಗಳನ್ನೂ ಬೇರ್ಪಡಿಸುವುದು ಕಷ್ಟ. 1618ರಲ್ಲಿ ಕೋಟೆಯ ಕಿಟಕಿಯಿಂದ ಇಬ್ಬರು ಕ್ಯಾಥೊಲಿಕ್ ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕೆಳಕ್ಕೆ ಎಸೆದರು, ಮೂವರೂ ಬದುಕಿದರು. ದೇವತೆಗಳು ಹಿಡಿದುಕೊಂಡರು ಎಂದು ಕ್ಯಾಥೊಲಿಕರು, ತಿಪ್ಪೆಯ ಮೇಲೆ ಬಿದ್ದರು ಎಂದು ಪ್ರಾಟೆಸ್ಟೆಂಟರು. ಬಿದ್ದ ಕಾರ್ಯದರ್ಶಿಗೆ ಮುಂದೆ ಆ ಬೀಳುವಿಕೆಯನ್ನೇ ಸೂಚಿಸುವ ಬಿರುದಿನೊಂದಿಗೆ ಕುಲೀನ ಪದವಿ ಸಿಕ್ಕಿತು. ಇಷ್ಟಕ್ಕೇ ನಿಂತಿದ್ದರೆ ಇದು ಪ್ರಹಸನ. ಆದರೆ ಅಲ್ಲಿಂದಲೇ ಮೂವತ್ತು ವರ್ಷಗಳ ಯುದ್ಧ ಶುರುವಾಗಿ ಯುರೋಪಿನಲ್ಲಿ ಲಕ್ಷಾಂತರ ಜನ ಸತ್ತರು. ನಗು ಎಲ್ಲಿ ನಿಲ್ಲಬೇಕೆಂಬ ಅಂದಾಜು ನಗಿಸಿ ಪಳಗಿದವರಿಗೆ ಇರುವಷ್ಟು ಇತರರಿಗೆ ಇರುವುದಿಲ್ಲ.

2022ರ ‘ದ ಬುಕ್ ಆಫ್ ರೋಡ್ಸ್ ಅಂಡ್ ಕಿಂಗ್‌ಡಮ್ಸ್’ ಬಗ್ದಾದಿನ ಅಬ್ಬಾಸಿದ್ ಖಲೀಫರ ಕಾಲದ ಪ್ರವಾಸಿಗಳನ್ನು ಕುರಿತದ್ದು. 921ರಲ್ಲಿ ಬಗ್ದಾದಿನಿಂದ ವೋಲ್ಗಾ ತೀರಕ್ಕೆ ಹೊರಟು, ಅಲ್ಲಿ ರೂಸ್ ಎಂಬ ಉತ್ತರದ ವ್ಯಾಪಾರಿ ಜನರು ತಮ್ಮ ನಾಯಕನ ಹೆಣವನ್ನು ಹಡಗಿನ ಸಮೇತ ಸುಟ್ಟದ್ದನ್ನು ಕಂಡು ಬರೆದಿಟ್ಟ ಇಬ್ನ್ ಫದ್ಲಾನ್ ಅಂಥವರಲ್ಲೊಬ್ಬ. ಕನ್ನಡ ಓದುಗರಿಗೆ ಈ ಕಾಲ ದೂರದ್ದಲ್ಲ. ಫಿಡ್ಲರ್ ಯಾವ ಹಳೆಯ ಗ್ರಂಥದ ಹೆಸರನ್ನು ತಮ್ಮ ಪುಸ್ತಕಕ್ಕೆ ಇಟ್ಟುಕೊಂಡರೋ ಅದನ್ನು ಬರೆದ ಅಂಚೆ ಅಧಿಕಾರಿ ಇಬ್ನ್ ಖುರ್ದಾದ್‌ಬಿಹ್, ಹಿಂದೂಸ್ತಾನದ ರಾಜರಲ್ಲೆಲ್ಲ ದೊಡ್ಡವನು ‘ಬಲ್ಹಾರ’ ಎಂದಿದ್ದಾನೆ. 851ರ ಇನ್ನೊಂದು ಅರಬ್ಬೀ ಬರಹ ಅದೇ ಬಲ್ಹಾರನನ್ನು ಬಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮ್‌ನ (ಅಂದರೆ ಕಾನ್‌ಸ್ಟಾಂಟಿನೋಪಲ್‌ನ) ದೊರೆ ಇವರ ಸಾಲಿನಲ್ಲಿ ಕೂರಿಸುತ್ತದೆ. ಈ ಬಲ್ಹಾರರು ನಮ್ಮ ರಾಷ್ಟ್ರಕೂಟ ವಲ್ಲಭರಾಜರು. 851ರಲ್ಲಿ ಮಾನ್ಯಖೇಟದಲ್ಲಿ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಲ್ಲಿ, ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಶಾಲೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಓದಿ ಮರೆತ ನಮಗೆ, ಆ ಪ್ರವಾಸಿಗಳ ಲೋಕವನ್ನು ಇಷ್ಟು ವಿಸ್ತಾರವಾಗಿ ಕಾಣುವುದೇ ಒಂದು ಲಾಭ.

ಆಕ್ಷೇಪಗಳಿಲ್ಲವೆಂದಲ್ಲ. ಫಿಡ್ಲರ್ ಶಾಸನ ಓದುವ ಸಂಶೋಧಕರಲ್ಲ, ವಿದ್ವಾಂಸರು ಈಗಾಗಲೇ ಅಗೆದು ತೆಗೆದದ್ದನ್ನು ಆರಿಸಿ ಹೇಳುವವರು. ತೆರಿಗೆ, ಬೆಳೆ, ಭೂಹಿಡುವಳಿಗಳ ಇತಿಹಾಸ ಬೇಕಾದವರಿಗೆ ಇಲ್ಲಿ ಕೈತುಂಬ ಸಿಗುವುದಿಲ್ಲ. ಚಕ್ರವರ್ತಿಗಳು, ವಿಲಕ್ಷಣರು, ದುರ್ಮರಣಗಳು ಅವರ ಪುಟಗಳಲ್ಲಿ ತುಸು ಹೆಚ್ಚೇ ಜಾಗ ಹಿಡಿಯುತ್ತವೆ. ಇದು ಸಣ್ಣ ಕೊರತೆಯಲ್ಲ. ಆದರೂ ಇದನ್ನು ಮುಂದಿಟ್ಟು ವಿದೂಷಕನಿಗೇಕೆ ಇತಿಹಾಸ ಎನ್ನುವವರಿಗೆ ನಾನು ನಾ. ಕಸ್ತೂರಿಯವರನ್ನು ನೆನಪಿಸುತ್ತೇನೆ. ಮೈಸೂರಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ಮೇಷ್ಟರು ‘ಅನರ್ಥಕೋಶ’ ಬರೆದಾಗ ನಾವು ಅವರನ್ನು ತಲೆಯ ಮೇಲೆ ಹೊತ್ತು ನಡೆದೆವು. ಪಾಠದಿಂದ ನಗೆಗೆ ಬಂದವರಿಗೆ ತೆರೆದ ಬಾಗಿಲನ್ನು ನಗೆಯಿಂದ ಪಾಠಕ್ಕೆ ಬಂದವರಿಗೆ ಮುಚ್ಚುವುದು ಯಾವ ನ್ಯಾಯವೋ ತಿಳಿಯದು.

ಓದಬೇಕೆನ್ನುವವರು ‘ಘೋಸ್ಟ್ ಎಂಪೈರ್’ನಿಂದ ಶುರು ಮಾಡಿ. ಪ್ರಾಗ್ ಪುಸ್ತಕದಲ್ಲಿ ಹೆಸರುಗಳ ನೂಕುನುಗ್ಗಲು ಜಾಸ್ತಿ, ಅದನ್ನು ಆಮೇಲೆ ಹಿಡಿಯುವುದು ವಾಸಿ. ಇಂಗ್ಲಿಷ್ ಪುಸ್ತಕದ ಬೆಲೆ ದುಬಾರಿ ಎನಿಸಿದರೆ ‘ಕನ್ವರ್ಸೇಷನ್ಸ್’ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಸಿದ್ಧರ ಹೆಸರಿರುವ ಸಂಚಿಕೆಗಳನ್ನು ಬಿಟ್ಟು, ನೀವು ಹೆಸರೇ ಕೇಳಿರದ ಯಾರಾದರೂ ಒಬ್ಬರದನ್ನು ಮೊದಲು ಕೇಳಿ ನೋಡಿ.