ಸೊಲ್ಲಾಪುರದ ಮಕ್ಕಳಿಗೊಂದು ಎಣಿಕೆಯ ಚಿತ್ರಪುಸ್ತಕ ಬೇಕು

ಮಹಾರಾಷ್ಟ್ರದ ಗಡಿಯ ಊರು ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಮಗುವಿಗೆ ಎಣಿಕೆ ಮೂರು ಕಡೆಯಿಂದ ಬರುತ್ತದೆ. ಅಜ್ಜಿ ಒಂದು, ಎರಡು, ಮೂರು ಅನ್ನುತ್ತಾಳೆ. ಅಂಗನವಾಡಿಯಲ್ಲಿ ಏಕ್, ದೋನ್, ತೀನ್. ಸಂಜೆ ಅಪ್ಪನ ಮೊಬೈಲಿನಲ್ಲಿ ಒನ್, ಟೂ, ತ್ರೀ. ಮಕ್ಕಳ ನೆನಪು ಚುರುಕು, ಮೂರನ್ನೂ ಬಾಯಿಪಾಠ ಮಾಡಿಬಿಡುತ್ತವೆ. ನೆಂಟರು ಬಂದರಂತೂ ಮುಗಿಯಿತು. "ಮಾಮಾಗ ಹಂಡ್ರೆಡ್‌ತನಾ ಹೇಳಿ ತೋರ್ಸು" ಅಂತ ಹೇಳಿಸಿ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ, ಚಹಾ ಬರಬೇಕಲ್ಲ.

ಆದರೆ ಹೇಳೋದು ಬೇರೆ, ಎಣಿಸೋದು ಬೇರೆ.

ನನ್ನ ತಂಗಿಯ ಮಗಳಿಗೆ ಈಗ ಮೂರೂವರೆ ವರ್ಷ. ಮೊನ್ನೆ ಚಿತ್ರಪುಸ್ತಕ ಹಿಡಿದುಕೊಂಡು ಬಂದು ತೊಡೆಯ ಮೇಲೆ ಕೂತಳು. ಪುಟದಲ್ಲಿ ಒಂದು ಕೋಳಿ, ಸುತ್ತ ಆರು ಮರಿ. ಬೆರಳಿಟ್ಟು ಶುರು ಮಾಡಿದಳು. ನಾಲಿಗೆ ಮುಂದೆ ಓಡಿತು, ಬೆರಳು ಹಿಂದೆ ಉಳಿಯಿತು. ಮರಿಗಳು ಮುಗಿಯುವಷ್ಟರಲ್ಲಿ ಬಾಯಲ್ಲಿ ಹತ್ತು ಬಂದಾಗಿತ್ತು. ಒಂದು ಮರಿಯನ್ನು ಎರಡು ಸಲ ಮುಟ್ಟಿದ್ದಳು, ಕೋಳಿಯ ರೆಕ್ಕೆಯಡಿ ಅರ್ಧ ಮುಚ್ಚಿಹೋಗಿದ್ದ ಮರಿಯನ್ನು ಬಿಟ್ಟೇಬಿಟ್ಟಿದ್ದಳು. "ಹಂಗಾರ ಎಷ್ಟ ಮರಿ ಅದಾವವ್ವಾ?" ಅಂದೆ. ಉತ್ತರ ಕೊಡಲಿಲ್ಲ. ಮತ್ತೆ ಒಂದರಿಂದ ಎಣಿಸತೊಡಗಿದಳು. "ಮಾಮಾಗ ಮೂರು ಶೇಂಗಾ ಕೊಡು" ಅಂದರೆ ಮುಷ್ಟಿ ತುಂಬ ಕೊಟ್ಟಳು.

ಇದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ಎಲ್ಲ ಮಕ್ಕಳೂ ಹೀಗೇ ಬರುತ್ತವೆ. 1978ರಲ್ಲೇ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಎಣಿಕೆಯ ಒಳಗೆ ಏನೇನಿದೆ ಅಂತ ಬಿಡಿಸಿಟ್ಟರು. ಒಂದೊಂದು ವಸ್ತುವಿಗೆ ಸಂಖ್ಯೆಯ ಒಂದೊಂದೇ ಹೆಸರು ಹೇಳಬೇಕು. ಹೆಸರುಗಳು ಯಾವಾಗಲೂ ಅದೇ ಸಾಲಿನಲ್ಲಿ ಬರಬೇಕು. ಕೊನೆಗೆ ಹೇಳಿದ ಹೆಸರೇ ಒಟ್ಟು ಲೆಕ್ಕ ಅಂತ ಗೊತ್ತಿರಬೇಕು. ಯಾವ ವಸ್ತುವನ್ನಾದರೂ ಎಣಿಸಬಹುದು, ಯಾವ ತುದಿಯಿಂದಾದರೂ ಶುರು ಮಾಡಬಹುದು ಅನ್ನೋದೂ ತಿಳಿದಿರಬೇಕು. ನಮಗೆ ಇದೆಲ್ಲ ಒಂದೇ ಕೆಲಸದ ಹಾಗೆ ಕಾಣುತ್ತದೆ, ಮಗುವಿಗೆ ಒಂದೊಂದೂ ಬೇರೆ ಬೇರೆ ಕೆಲಸ. 1990ರಲ್ಲಿ ಕರೆನ್ ವಿನ್ ಎಂಬವರು "ಇಷ್ಟು ಕೊಡು" ಅಂತ ಕೇಳುವ ಆಟದಿಂದ ಇದನ್ನೇ ಪರೀಕ್ಷಿಸಿದರು. ಸರಾಗವಾಗಿ ಎಣಿಕೆ ಒಪ್ಪಿಸುವ ಮಗುವೂ ಮೊದಮೊದಲು ಒಂದನ್ನು ಮಾತ್ರ ಸರಿಯಾಗಿ ಕೊಡುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಎರಡು, ಆಮೇಲೆ ಮೂರು. ಅಲ್ಲಿಂದ ಮುಂದೆ ಕೊನೆಯ ಹೆಸರೇ ಒಟ್ಟು ಅನ್ನೋದು ತಲೆಗೆ ಹೊಳೆಯುತ್ತದೆ, ಉಳಿದದ್ದು ಬೇಗ ಬರುತ್ತದೆ. ನಮ್ಮ ಹುಡುಗಿ ಆ ಹೊಸ್ತಿಲಿನ ಈಚೆ ಇದ್ದಾಳೆ, ಅಷ್ಟೇ.

ಇಂಥ ಮಗುವಿನ ಕೈಗೆ ನಾವು ಕೊಡೋದು ಏನು? ಅಂಕಲಿಪಿ. ಅಕ್ಷರ, ಅಂಕಿ, ಮಗ್ಗಿ ಎಲ್ಲ ಒಟ್ಟಿಗೆ ಇರುವ ಪುಸ್ತಕ. ಈ ವಿಷಯದಲ್ಲಿ ಎರಡು ರಾಜ್ಯಕ್ಕೂ ವ್ಯತ್ಯಾಸ ಇಲ್ಲ. ವಿಜಯಪುರದ ಅಂಗಡಿಯಲ್ಲೂ ಅಂಕಲಿಪಿ, ಇಲ್ಲಿಯೂ ಅಂಕಲಿಪಿ. ಮರಾಠಿಯದರಲ್ಲಿ ಮಗ್ಗಿಯ ಜೊತೆ ಪಾವಕಿ, ನಿಮಕಿ, ಪಾವಣಕಿ, ದಿಡಕಿಯೂ ಇರುತ್ತವೆ. ಕಾಲು, ಅರ್ಧ, ಮುಕ್ಕಾಲು, ಒಂದೂವರೆಯ ಮಗ್ಗಿಗಳು. ಅವನ್ನು ಕಲಿತ ಹಳೆಯ ಅಡತಿ ಅಂಗಡಿಯವರು ಬಾಯಲ್ಲೇ ಲೆಕ್ಕ ಹಾಕೋದನ್ನು ನೋಡಿದರೆ ಯಾರಿಗಾದರೂ ಗೌರವ ಬರುತ್ತದೆ. ಆದರೆ ಅದು ಎಣಿಕೆ ಬಂದ ಮೇಲಿನ ಮಾತು. ಮೂರು ವರ್ಷದ ಮಗುವಿಗೆ ಅಂಕಲಿಪಿಯ ಪುಟ ಒಂದು ಸಂತೆ. ಏಳು ಅನ್ನೋ ಅಂಕಿಯ ಪಕ್ಕ ಉಗುರಿನಷ್ಟು ಏಳು ಗಿಳಿ, ಅದರ ಕೆಳಗೆ ಎಂಟು ಕೊಡೆ. ಅಲ್ಲಿ ಬೆರಳಿಡೋಕೂ ಜಾಗ ಇಲ್ಲ.

ಎಣಿಕೆಯ ಚಿತ್ರಪುಸ್ತಕದ ಕೆಲಸವೇ ಬೇರೆ. ಒಂದು ಪುಟಕ್ಕೆ ಒಂದೇ ಸಂಖ್ಯೆ, ಒಂದೇ ಬಗೆಯ ವಸ್ತು, ಅದೂ ಬೆರಳಿಗಿಂತ ದೊಡ್ಡದು. ಮೊದಮೊದಲು ಸಾಲಾಗಿ ಇರಲಿ. ಚೆಲ್ಲಾಪಿಲ್ಲಿ ಚಿತ್ರ ಆಮೇಲೆ, ಅಡಗಿಕೊಂಡ ಮರಿ ಅದಕ್ಕೂ ಆಮೇಲೆ. ಒಂದರಿಂದ ಮೂರರವರೆಗಿನ ಪುಟಗಳು ಜಾಸ್ತಿ ಇದ್ದರೆ ಒಳ್ಳೆಯದು, ಏಕೆಂದರೆ ಅಷ್ಟನ್ನು ಕಣ್ಣೇ ಗುರುತಿಸುತ್ತದೆ, ಬೆರಳು ಬೇಕಾಗೋದಿಲ್ಲ. ಥಳಥಳ ಹೊಳೆಯುವ, ಒತ್ತಿದರೆ ಕೂಗುವ ಪುಸ್ತಕಗಳು ನನಗೆ ಹಿಡಿಸೋದಿಲ್ಲ. ಮಗು ಒತ್ತುತ್ತಾ ಕೂರುತ್ತದೆ, ಎಣಿಸೋದಿಲ್ಲ.

ಇನ್ನು ಓದಿ ಹೇಳುವವರ ಮಾತು. "ನೋಡು, ಆರು ಮರಿ!" ಅಂತ ಮೊದಲೇ ಒಟ್ಟು ಹೇಳಿ, ತಕ್ಷಣ ಒಂದೊಂದನ್ನೇ ಮುಟ್ಟಿ ಎಣಿಸಬೇಕು. ಬರೀ ಎಣಿಸಿ ಬಿಟ್ಟರೂ ಆಗೋದಿಲ್ಲ, ಬರೀ ಆರು ಅಂದು ಪುಟ ತಿರುವಿದರೂ ಆಗೋದಿಲ್ಲ. ಎರಡೂ ಕೂಡಿ ಬಂದಾಗ ಮಗುವಿಗೆ ಕೊನೆಯ ಹೆಸರಿಗೂ ಒಟ್ಟಿಗೂ ಗಂಟು ಬೀಳುತ್ತದೆ. ಮಾತು ಓಡತೊಡಗಿದರೆ ಮಗುವಿನ ಬೆರಳನ್ನು ನಾವೇ ಮೆಲ್ಲಗೆ ಹಿಡಿದು ನಡೆಸಬೇಕು.

ಇಲ್ಲಿಯವರೆಗಿನದು ಯಾವ ಊರಿನ ಮಗುವಿಗಾದರೂ ಸರಿ. ಗಡಿಯ ಮಗುವಿಗೆ ಇನ್ನೊಂದು ತೊಡಕಿದೆ. ವಿಜಯಪುರದಲ್ಲಿ ನಮ್ಮ ಅಕ್ಕನ ಮೊಮ್ಮಗ ಮನೆಯಲ್ಲಿ, ಓಣಿಯಲ್ಲಿ, ಕಿರಾಣಿ ಅಂಗಡಿಯಲ್ಲಿ ಒಂದೇ ಎಣಿಕೆ ಕೇಳುತ್ತಾನೆ. ಪುಸ್ತಕ ಕೆಟ್ಟದಿದ್ದರೂ ಓಣಿ ಕಲಿಸುತ್ತದೆ. ಇಲ್ಲಿ ಹೊಸ್ತಿಲು ದಾಟಿದರೆ ಐವತ್ತು ಪನ್ನಾಸ ಆಗುತ್ತದೆ. ಕನ್ನಡದ ಎಣಿಕೆಗೆ ಮನೆ ಬಿಟ್ಟರೆ ಬೇರೆ ಜಾಗವೇ ಕಡಿಮೆ. ಹಾಗಾಗಿ ಇಲ್ಲಿ ಪುಸ್ತಕದ ಮೇಲೆ ಭಾರ ಜಾಸ್ತಿ.

ಕನ್ನಡದ ಎಣಿಕೆಯನ್ನು ಉಳಿಸಿಕೊಳ್ಳಿ ಅಂದರೆ ಅಭಿಮಾನದ ಮಾತು ಅಂದುಕೊಳ್ಳುತ್ತಾರೆ. ಲೆಕ್ಕದ ಕಾರಣವೂ ಇದೆ. ಕನ್ನಡದಲ್ಲಿ ಇಪ್ಪತ್ತು ದಾಟಿದ ಮೇಲೆ ದಾರಿ ನೆಟ್ಟಗೆ. ಇಪ್ಪತ್ತೊಂದು, ಇಪ್ಪತ್ತೆರಡು, ಬರೆಯುವಾಗ ಯಾವುದು ಮುಂದೆಯೋ ಹೇಳುವಾಗಲೂ ಅದೇ ಮುಂದೆ. ಮರಾಠಿಯಲ್ಲಿ ಏಕವೀಸ, ಬಾವೀಸ, ತೇವೀಸ. ಬಿಡಿ ಮೊದಲು, ಹತ್ತು ಆಮೇಲೆ. ಇಪ್ಪತ್ತೊಂಬತ್ತು ಅಲ್ಲಿ ಏಕೋಣತೀಸ, ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. ಮರಾಠಿಯವರೇ ಇದನ್ನು ಕಂಡುಕೊಂಡಿದ್ದಾರೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ ಏಕ', 'ವೀಸ ದೋನ' ಎಂಬ ಹೊಸ ರೀತಿ ಬಂತು. ಆಗ ಗಣಿತ ಸಮಿತಿಯ ಮುಂದಾಳು ಮಂಗಲಾ ನಾರಳೀಕರ್ ಆಗಿದ್ದರು. ಜೋಡಕ್ಷರ ಮತ್ತು ತಿರುವುಮುರುವು ಮಕ್ಕಳಿಗೆ ಕಷ್ಟ ಅನ್ನೋದು ಅವರ ವಾದವಾಗಿತ್ತು. ದೊಡ್ಡ ಗದ್ದಲವೇ ಆಯಿತು, ವಿಧಾನಸಭೆಯಲ್ಲೂ ಮಾತು ಬಂತು. ಭಾಷೆಯ ಸೊಗಸು ಹೋಗುತ್ತದೆ ಅಂದವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಮಕ್ಕಳ ಕಡೆಯಿಂದ ನೋಡಿದರೆ ಸಮಿತಿಯದೇ ಸರಿ ಅನಿಸುತ್ತದೆ. ಅವರು ಹೊಸದಾಗಿ ಮಾಡಹೊರಟದ್ದು ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇದೆ. ಅದನ್ನು ಬಿಟ್ಟು ನಾವು ಟ್ವೆಂಟಿ ಒನ್‌ಗೆ ಓಡುತ್ತಿದ್ದೇವೆ.

ಹಾಗಂತ ಕನ್ನಡಕ್ಕೂ ತನ್ನ ಸೊಟ್ಟ ಇದೆ. ಹನ್ನೊಂದು, ಹನ್ನೆರಡು, ಹದಿಮೂರು, ಹತ್ತೊಂಬತ್ತು, ಒಂದೂ ಒಂದರ ಹಾಗಿಲ್ಲ. ಅದಕ್ಕೇ ಹತ್ತಕ್ಕೆ ನಿಂತುಬಿಡುವ ಪುಸ್ತಕಗಳ ಬಗ್ಗೆ ನನಗೆ ಅಸಮಾಧಾನ. ಇಪ್ಪತ್ತರವರೆಗಿನದೂ ಒಂದು ಬೇಕು.

ಅಂಗನವಾಡಿಯಲ್ಲಿ ಗೊಂದಲ ಆಗೋದಿಲ್ವಾ ಅಂತ ಕೇಳುತ್ತಾರೆ. ಇಲ್ಲ. ನಮ್ಮವ್ವ ಸೇರಿನಲ್ಲಿ ಜೋಳ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದಳು. ಲಾಭ, ಎರಡು, ಮೂರು. ಕೇಳುತ್ತಿದ್ದ ನಮಗೆ ಯಾರಿಗೂ ಲೆಕ್ಕ ತಪ್ಪಲಿಲ್ಲ. ಸಾಲು ಬದಲಾಗದಿದ್ದರೆ ಹೆಸರು ಯಾವುದಾದರೂ ನಡೆಯುತ್ತದೆ. ಒಂದು ಭಾಷೆಯಲ್ಲಿ ಎಣಿಕೆ ನಿಜವಾಗಿ ಕೂತರೆ ಇನ್ನೊಂದರಲ್ಲಿ ಹೆಸರಷ್ಟೇ ಕಲಿಯಬೇಕು. ಮೂರೂ ಅರ್ಧಂಬರ್ಧ ಇದ್ದರೆ ಮಾತ್ರ ಕಷ್ಟ.

ಪುಸ್ತಕ ಎಲ್ಲಿ ಅಂತ ಕೇಳಿದರೆ, ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಇಳಿಸಿಕೊಳ್ಳಬಹುದು, ಅನುವಾದ ಮಾಡಬಹುದು, ಅಚ್ಚು ಹಾಕಿಸಲೂಬಹುದು. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳು ಹತ್ತಿಪ್ಪತ್ತು ಪ್ರತಿ ಅಚ್ಚು ಹಾಕಿಸಿಟ್ಟುಕೊಂಡರೆ ಖರ್ಚು ಹೆಚ್ಚಾಗೋದಿಲ್ಲ.

ಆದರೆ ಈ ಊರಿನದೇ ಒಂದು ಪುಸ್ತಕ ಬೇಕು ಅನ್ನೋ ಆಸೆ ನನ್ನದು. ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮೇಶ್ವರನ ಜಾತ್ರೆಯಲ್ಲಿ ಮೆರವಣಿಗೆ ಹೊರಡುವ ನಂದಿಕೋಲು ಏಳು. ಒಂದರ ಹಿಂದೆ ಒಂದು, ಸಾಲಾಗಿ. ಎಣಿಸೋಕೆ ಅದಕ್ಕಿಂತ ಒಳ್ಳೆಯ ಪುಟ ಯಾರು ಬರೆದುಕೊಡಬೇಕು? ಎರಡಕ್ಕೆ ಎತ್ತಿನ ಜೋಡಿ, ನಾಲ್ಕಕ್ಕೆ ಬುಟ್ಟಿಯಲ್ಲಿನ ರೊಟ್ಟಿ, ಐದಕ್ಕೆ ಜೋಳದ ತೆನೆ. ಸೊನ್ನೆಗೆ ಖಾಲಿಯಾದ ಅದೇ ರೊಟ್ಟಿ ಬುಟ್ಟಿ. ಸೊನ್ನೆಯ ಪುಟವನ್ನು ಯಾಕೋ ಎಲ್ಲರೂ ಮರೆಯುತ್ತಾರೆ. ಕನ್ನಡ, ಮರಾಠಿ ಎರಡನ್ನೂ ಒಂದೇ ಪುಟದಲ್ಲಿ ಹಾಕೋದು ಬೇಡ. ಓದುವವರು ಎರಡೂ ಸಾಲು ಓದುತ್ತಾರೆ, ಮಗುವಿನ ಬೆರಳು ನಡುವೆಯೇ ನಿಂತುಹೋಗುತ್ತದೆ. ಮರಾಠಿಗೆ ಬೇರೆ ಪುಸ್ತಕ ಇರಲಿ, ಅವೇ ಚಿತ್ರಗಳು ಸಾಕು. ಹಾಳೆ ದಪ್ಪ ಇರಬೇಕು, ಮಕ್ಕಳು ಮೊದಲು ಕಚ್ಚಿ ನೋಡುತ್ತವೆ. ಬೆಲೆ ಮಾತ್ರ ಐವತ್ತು ರೂಪಾಯಿ ದಾಟಬಾರದು. ದಾಟಿದರೆ ನಮ್ಮ ಜನ ಅಂಕಲಿಪಿಯನ್ನೇ ತರುತ್ತಾರೆ.